ಕರೀಮಸಾಬನ ಬಂಡಿ

ಸಿರುಗುಪ್ಪ
ಜಯ ಸಂವತ್ಸರ, ಮಾಘ ಶುದ್ಧ ಪಂಚಮಿ

ಚಿರಂಜೀವಿ ದೊಡ್ಡಬಸಪ್ಪನಿಗೆ,

ಅಕ್ಕ ದಾಕ್ಷಾಯಣಮ್ಮ ಬರೆಯುವುದು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅತ್ತೆಯವರು ಮಾತ್ರ ಹಾಸಿಗೆ ಬಿಟ್ಟು ಏಳುವುದಿಲ್ಲ. ಆದರೆ ಬೈಯುವ ದನಿ ಮೊದಲಿನ ಹಾಗೇ ಗಟ್ಟಿಯಾಗಿದೆ, ನೀನೇನೂ ಚಿಂತೆ ಮಾಡಬೇಡ.

ಮಗಳು ವಿರೂಪಮ್ಮನಿಗೆ ಬಳ್ಳಾರಿಯ ಸಂಬಂಧ ಕೂಡಿಬಂದದ್ದು ನಿನ್ನ ಓಡಾಟದಿಂದ. ಹತ್ತಿ ವ್ಯಾಪಾರದ ಕೊಟ್ರಬಸಪ್ಪನವರ ಮನೆಯೆಂದರೆ ಇಲ್ಲಿಯವರೂ ಹುಬ್ಬೇರಿಸುತ್ತಾರೆ. ಮದುವೆ ವೈಶಾಖ ಶುದ್ಧ ದಶಮಿಗೆ, ಅವರ ಪದ್ಧತಿಯಂತೆ ಗಂಡಿನ ಮನೆಯಲ್ಲೇ. ಅದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ಬೇರೆ ಇದೆ, ಕೇಳು.

ನಿನ್ನ ಭಾವ ಹೋದ ಮೇಲೆ ಈ ಮನೆಗೆ ಸ್ವಂತ ಸವಾರಿ ಬಂಡಿ ಇಲ್ಲ. ಹೊಲಕ್ಕೆ ಗೊಬ್ಬರ ಹೊರುವ ಬಂಡಿ ಇದೆ, ಅದರಲ್ಲಿ ಮದುಮಗಳನ್ನು ಕೂರಿಸಲಾಗುತ್ತದೆಯೇ? ಆರು ವರ್ಷದಿಂದ ಎಲ್ಲಿಗೆ ಹೋಗಬೇಕಾದರೂ ಯಾರದೋ ಬಾಗಿಲಲ್ಲಿ ನಿಂತು ಬಂಡಿ ಕೇಳಿದ್ದೇನೆ. ಕೊಟ್ಟವರು ಒಂದು ಮಾತೂ ಜೊತೆಗೆ ಕೊಡುತ್ತಾರೆ. ಹೋದ ವರ್ಷ ಹಚ್ಚೊಳ್ಳಿಯ ಮದುವೆಯಲ್ಲಿ ಒಬ್ಬಾಕೆ ಎಲ್ಲರೆದುರು, "ಮನಿ ಏನೋ ದೊಡ್ಡದೈತವ್ವಾ, ಮಂದಿ ಹೊರಾಕ ಮಾತ್ರ ಊರ ಮಂದಿ ಎತ್ತು ಬೇಕು" ಅಂದಳು. ನಾನು ನಕ್ಕೆ. ಮನೆಗೆ ಬಂದು ಊಟ ಮಾಡಲಿಲ್ಲ.

ನನ್ನ ಮಗಳು ಮಂದಿಯ ಬಂಡಿಯಲ್ಲಿ ಗಂಡನ ಊರು ಸೇರಬಾರದು. ಇಡೀ ಮನೆ ಒಂದೇ ಬಂಡಿಯಲ್ಲಿ ಒಟ್ಟಿಗೆ ಹೋಗಿ ಇಳಿಯಬೇಕು. ಹೆಂಗಸರು, ಮಕ್ಕಳು, ಬುತ್ತಿ ಗಂಟು, ಬಟ್ಟೆ ಪೆಟ್ಟಿಗೆ ಎಲ್ಲ ಹಿಡಿಸುವಷ್ಟು ದೊಡ್ಡದು ಬೇಕು. ಬೆಲೆ ನನ್ನ ಕೈಗೆ ಎಟುಕಬೇಕು, ಹೊಲ ಮಾರಿ ಬಂಡಿ ಕೊಳ್ಳುವವಳು ನಾನಲ್ಲ. ಎಲ್ಲಕ್ಕಿಂತ ಮೊದಲು, ದಾರಿಯಲ್ಲಿ ಕೈಕೊಡಬಾರದು. ನಿನ್ನ ಊರು ದೊಡ್ಡದು, ನಾಲ್ಕು ಕಡೆ ವಿಚಾರಿಸಿ ಬರೆ.

ನಿನ್ನ ಅಕ್ಕ
ದಾಕ್ಷಾಯಣಮ್ಮ

—

ಬಳ್ಳಾರಿ
೧೧ ಫೆಬ್ರವರಿ ೧೮೯೫

ಅಕ್ಕನಿಗೆ ದೊಡ್ಡಬಸಪ್ಪನ ನಮಸ್ಕಾರಗಳು.

ನಿನ್ನ ಕಾಗದವನ್ನು ಹತ್ತಿ ಪ್ರೆಸ್ಸಿನ ಕಚೇರಿಯಲ್ಲೇ ಒಡೆದು ಓದಿದೆ. ಪಕ್ಕದ ಗುಮಾಸ್ತ "ಯಾರ ಅಕ್ಷರರೀ ಇದು, ಅಚ್ಚು ಹೊಡೆದಂಗ ಐತಿ" ಎಂದು ಕೇಳಿದ. "ನಮ್ಮಕ್ಕಂದು" ಅಂದೆ. ಅಪ್ಪ ಹಲಕುಂದಿ ಮಠದ ಸಾಲಿಯಲ್ಲಿ ನನಗೆ ಕಲಿಸುವಾಗ ಕಂಬದ ಮರೆಯಲ್ಲಿ ಕೂತು ನೀನು ಕಲಿತೆ ಎಂದರೆ ಅವನು ನಂಬಲೊಲ್ಲ.

ಬಂಡಿಯ ವಿಷಯ ಬಿಡು. ಬಂಡಿಯೇ ಬೇಡ. ನಿನಗೆ ನಾನು ಸಾರೋಟು ನೋಡಿದ್ದೇನೆ.

ಇಂಗ್ಲಿಷರ ದಂಡಿನ ಕಡೆ ಒಂದು ಅಂಗಡಿಯಿದೆ. ಊರು ಬಿಡುವ ದೊರೆಗಳ ಗಾಡಿಗಳನ್ನು ಕೊಂಡು, ರಿಪೇರಿ ಮಾಡಿ ಮಾರುತ್ತಾನೆ. ಅವನ ಹತ್ತಿರ ನಾಲ್ಕು ಗಾಲಿಯ ಸಾರೋಟು ಬಂದಿದೆ. ಮೈಯೆಲ್ಲ ಕಪ್ಪು ಬಣ್ಣ. ಅದರ ಹೊಳಪಿನಲ್ಲಿ ನನ್ನ ಪೇಟ ಸರಿಮಾಡಿಕೊಂಡೆ ಎಂದರೆ ನೀನೇ ಲೆಕ್ಕ ಹಾಕು. ಕೆಳಗೆ ಉಕ್ಕಿನ ಸ್ಪ್ರಿಂಗು, ಎರಡೂ ಪಕ್ಕ ಗಾಜಿನ ದೀಪ. ಕುದುರೆ ಬೇಕಿಲ್ಲ, ಎತ್ತು ಹೂಡಲು ನೊಗ ಕೂರಿಸಿ ಕೊಡುತ್ತಾನಂತೆ. ಗಾಲಿಗಳೂ ಹೊಸವು, ಈಚೆಗೆ ಹಾಕಿಸಿದ್ದು. ಅವನ ಶಿಸ್ತು ನೋಡಬೇಕು: ಬೆಳಿಗ್ಗೆ ಸಂಜೆ ಆ ಗಾಲಿಗಳಿಗೆ ಕೊಡ ಕೊಡ ನೀರು ಸುರಿದು ತೊಳೆಸುತ್ತಾನೆ. ಇಂಥ ಕಾಳಜಿಯನ್ನು ನಮ್ಮ ಕಡೆಯ ಯಾವ ಬಡಗಿಯಲ್ಲೂ ನಾನು ಕಂಡಿಲ್ಲ.

ಬೆಲೆ ನೀನು ಅಂದುಕೊಂಡದ್ದಕ್ಕಿಂತ ತುಸು ಮೇಲೆ. ಆದರೆ ಬೀಗರ ಓಣಿಯಲ್ಲಿ ನಮ್ಮ ವಿರೂಪಿ ಅದರಿಂದ ಇಳಿದರೆ ಊರು ನಿಂತು ನೋಡುತ್ತದೆ. ಬೇಗ ಹೂಂ ಅನ್ನು.

ನಿನ್ನ ತಮ್ಮ
ದೊಡ್ಡಬಸಪ್ಪ

—

ಸಿರುಗುಪ್ಪ
ಮಾಘ ಬಹುಳ ಅಷ್ಟಮಿ

ಚಿರಂಜೀವಿ ದೊಡ್ಡಬಸಪ್ಪನಿಗೆ,

ನಿನ್ನ ಸಾರೋಟಿನ ವರ್ಣನೆಯನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ಮಕ್ಕಳು ಅದೇ ಬೇಕೆಂದು ಕುಣಿದವು. ಅತ್ತೆಯವರು ಮಲಗಿದ್ದಲ್ಲಿಂದಲೇ, "ಅದರಾಗ ಪ್ಯಾಟ ಸರಿಮಾಡ್ಕೊಳಾಕ ನಿನ್ನ ತಮ್ಮ ಕನ್ನಡಿ ಕೊಂಡ್ರ ಸಾಕಿತ್ತು" ಅಂದರು.

ಈಗ ನನ್ನ ಪ್ರಶ್ನೆಗೆ ಉತ್ತರ ಕೊಡು. ಆ ಸಾರೋಟು ಯಾವ ದಾರಿಯಲ್ಲಿ ಓಡಿದೆ? ದಂಡಿನ ಸುಣ್ಣ ಬಳಿದ ಕಲ್ಲುಗಳ ನಡುವೆ ಒಬ್ಬ ದೊರೆಯನ್ನೂ ಅವನ ಹೆಂಡತಿಯನ್ನೂ ಸಂಜೆ ಹವಾ ತಿನ್ನಲು ಕರೆದೊಯ್ದಿದೆ. ಅಷ್ಟೇ ತಾನೇ? ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಕಾಲು ಹೊಗುವಷ್ಟು ಬಿರುಕು ಬಿಡುತ್ತದೆ, ಒಂದು ಮಳೆ ಬಿದ್ದರೆ ಗಾಲಿಯನ್ನು ನಡುವಿನ ಗುಂಬದವರೆಗೆ ನುಂಗುತ್ತದೆ. ಅಲ್ಲಿ ಹನ್ನೆರಡು ಮಂದಿಯನ್ನು ಹೊತ್ತು ಅದು ಎಲ್ಲಿಯಾದರೂ ನಡೆದಿದೆಯೇ?

ಇನ್ನು ಆ ನೀರಿನ ವಿಷಯ. ಓದಿ ನಗು ಬಂತು, ಆಮೇಲೆ ನಿನ್ನ ಮೇಲೆ ಕನಿಕರ ಬಂತು. ಗಾಲಿಗೆ ಸುತ್ತಿದ ಕಬ್ಬಿಣದ ಪಟ್ಟಿ ಸಡಿಲವಿದ್ದರೆ ಮಾರುವವರು ಮಾಡುವ ಕೆಲಸ ಅದು. ನೀರು ಕುಡಿದ ಮರ ಉಬ್ಬುತ್ತದೆ, ಪಟ್ಟಿ ಬಿಗಿಯಾಗಿ ಕೂತ ಹಾಗೆ ಕಾಣುತ್ತದೆ. ಬಿಸಿಲಿಗೆ ನಿಲ್ಲಿಸಿದರೆ ಮರ ಮತ್ತೆ ಒಣಗಿ ಸೊರಗುತ್ತದೆ, ಪಟ್ಟಿ ಕಳಚಿ ಬೀಳುತ್ತದೆ. ನಮ್ಮ ಕಡೆ ಒಂದು ಬೇಸಿಗೆ ಕಳೆಯದ ಗಾಲಿಯನ್ನು ಯಾರೂ ಸವಾರಿಗೆ ಕೊಳ್ಳುವುದಿಲ್ಲ. ನೀನು ಊರು ಬಿಟ್ಟು ಬಹಳ ದಿನವಾಯಿತು, ಮರೆತಿದ್ದೀಯ. ಮೂರು ದಿನ ನೀರು ತೋರಿಸದೆ ಬಿಸಿಲಲ್ಲಿ ನಿಲ್ಲಿಸು ಅನ್ನು, ಅಂಗಡಿಯವನ ಮುಖ ನೋಡು.

ನನ್ನ ಕಣ್ಣು ಬೇರೆ ಕಡೆ ಬಿದ್ದಿದೆ. ಕುರುಗೋಡಿನ ಕರೀಮಸಾಬ ಹೋದ ಶ್ರಾವಣದಲ್ಲಿ ತೀರಿಕೊಂಡದ್ದು ನಿನಗೆ ಗೊತ್ತಿರಬಹುದು. ಅವನ ಹೆಂಡತಿ ಚಾಂದಬೀ ಬಂಡಿಯನ್ನು ಮಾರುತ್ತಾಳಂತೆ.

ದಾಕ್ಷಾಯಣಮ್ಮ

—

ಬಳ್ಳಾರಿ
೨೪ ಫೆಬ್ರವರಿ ೧೮೯೫

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದದ ಕೊನೆಯ ಸಾಲನ್ನು ಎರಡು ಸಲ ಓದಿದೆ. ಕರೀಮಸಾಬನ ಬಂಡಿಯೇ? ಆ ಹಸಿರು ಗುಡಾರದ ಬಂಡಿಯೇ?

ಅಕ್ಕ, ಅದು ಬಾಡಿಗೆ ಬಂಡಿ. ಹದಿನೈದು ವರ್ಷ ರೈಲು ಸ್ಟೇಷನ್ನಿನ ಮುಂದೆ ನಿಂತು "ಕುರುಗೋಡು, ತೆಕ್ಕಲಕೋಟಿ, ಸಿರುಗುಪ್ಪ" ಎಂದು ಕೂಗಿ ಮಂದಿ ತುಂಬಿಕೊಂಡು ಹೋದ ಬಂಡಿ. ಬಳ್ಳಾರಿಯಲ್ಲಿ ಅದನ್ನು ಅರಿಯದ ಮಗುವಿಲ್ಲ. ಸಂತೆಗೆ ಹೋಗುವವರು, ಕೋರ್ಟಿಗೆ ಬರುವವರು, ಕೋಳಿ ಬುಟ್ಟಿ ಹೊತ್ತವರು ಎಲ್ಲರೂ ಅದರಲ್ಲಿ ಕೂತಿದ್ದಾರೆ. ಅದರಲ್ಲಿ ನನ್ನ ಸೋದರಸೊಸೆ ಮದುಮಗಳಾಗಿ ಬಂದು ಕೊಟ್ರಬಸಪ್ಪನವರ ಬಾಗಿಲಲ್ಲಿ ಇಳಿಯಬೇಕೇ? "ಹೆಣ್ಣಿನ ಕಡೆಯವರು ಬಾಡಿಗೆ ಮಾಡಿಕೊಂಡು ಬಂದರು" ಅನ್ನುತ್ತಾರೆ. ಕೊಂಡದ್ದು ಎಂದು ನಾವು ಎಷ್ಟು ಮನೆಗೆ ಹೋಗಿ ಹೇಳುವುದು?

ನೀರಿನ ವಿಷಯ ಅಂಗಡಿಯವನನ್ನು ಕೇಳಿದೆ. ಧೂಳು ಹೋಗಲೆಂದು ತೊಳೆಸುತ್ತೇನೆ ಅಂದ. ಮರ್ಯಾದಸ್ಥ ಮನುಷ್ಯ, ಸುಳ್ಳು ಹೇಳಲಾರ. ಹಳ್ಳಿಯ ಅನುಮಾನಗಳನ್ನು ಇಲ್ಲಿ ತಂದು ಹಾಕಬೇಡ.

ಬೆಲೆಯೇ ತೊಡಕಾಗಿದ್ದರೆ ಹೇಳು, ಕಡಿಮೆ ಬಿದ್ದದ್ದನ್ನು ನಾನು ಹಾಕುತ್ತೇನೆ. ಅಕ್ಕ ಕೈ ಬಿಗಿ ಹಿಡಿದಳು ಎಂದು ನಾನು ಯಾರ ಮುಂದೆಯೂ ಹೇಳುವುದಿಲ್ಲ.

ದೊಡ್ಡಬಸಪ್ಪ

—

ಸಿರುಗುಪ್ಪ
ಫಾಲ್ಗುಣ ಶುದ್ಧ ದ್ವಾದಶಿ

ದೊಡ್ಡಬಸಪ್ಪನಿಗೆ,

ಬಂಡಿ ಕೊಂಡೆ.

ನಿನ್ನ ದುಡ್ಡು ನಿನ್ನಲ್ಲೇ ಇರಲಿ. ಆರು ವರ್ಷ ಈ ಮನೆಯ ಒಲೆ ಒಂದು ಹೊತ್ತೂ ಆರಲಿಲ್ಲ, ಕೈ ಬಿಗಿ ಹಿಡಿದದ್ದಕ್ಕೇ ಆರಲಿಲ್ಲ.

ಬೇಸಾಯ ನೋಡಿಕೊಳ್ಳುವ ಉಚ್ಚೆಂಗೆಪ್ಪನನ್ನು ಕರೆದುಕೊಂಡು ಕುರುಗೋಡಿಗೆ ನಾನೇ ಹೋಗಿದ್ದೆ. ಮಧ್ಯಾಹ್ನದ ಬಿಸಿಲಿಗೇ ಹೋದೆ, ಬೇಕೆಂದೇ. ಬಂಡಿ ಅಂಗಳದಲ್ಲಿ ಬೆಳಗಿನಿಂದ ಬಿಸಿಲು ತಿನ್ನುತ್ತ ನಿಂತಿತ್ತು. ಕಲ್ಲು ತೆಗೆದುಕೊಂಡು ಪಟ್ಟಿಯ ಸುತ್ತ ಬಡಿದೆ, ಒಂದು ಕಡೆಯೂ ಒಡಕು ದನಿ ಬರಲಿಲ್ಲ. ಸೆರಗು ಕಟ್ಟಿಕೊಂಡು ಕೆಳಗೆ ನುಗ್ಗಿ ಅಚ್ಚು ನೋಡಿದೆ. ಚಾಂದಬೀ ಪಕ್ಕದಲ್ಲಿ ನಿಂತು ನೋಡಿದಳು. "ಬಿಚ್ಚಿ ನೋಡ್ರಿ ಅಮ್ಮಾ, ಬೇಕಾದ್ರ ನಾಲ್ಕ ಮಂದೀನ ಕರಕೊಂಬಂದು ನೋಡ್ರಿ. ನಮ್ಮವರು ಗಾಲಿ ಕಟ್ಟಿಸಿದ್ದು ಬ್ಯಾಸಗಿ ದಾಟಿದ ಮ್ಯಾಲೇ ಹೂಡ್ತಿದ್ದರು" ಅಂದಳು.

ಬಾಡಿಗೆ ಬಂಡಿ ಅಂದೆ. ಹೌದು. ಹದಿನೈದು ವರ್ಷ ಊರ ಮಂದಿಯನ್ನೆಲ್ಲ ಹೊತ್ತ ಬಂಡಿ ಯಾರಿಗೂ ನಡುದಾರಿಯಲ್ಲಿ ಕೈಕೊಡಲಿಲ್ಲ ಎನ್ನುವುದಕ್ಕೆ ಇಡೀ ಬಳ್ಳಾರಿ ಸಾಕ್ಷಿ. ನಿನ್ನ ಸಾರೋಟಿಗೆ ಯಾರು ಸಾಕ್ಷಿ? ಅಂಗಡಿಯವನೊಬ್ಬ.

ಬೆಲೆ ನಾನು ಕೊಡಬಲ್ಲಷ್ಟೇ ಕೇಳಿದಳು, ಚೌಕಾಸಿ ಮಾಡಲಿಲ್ಲ. ಆದರೆ ಒಂದು ಕರಾರು ಹಾಕಿದಳು. "ಬಂಡಿ ಮಾರ್ತೀನಿ, ನಮ್ಮವರ ಹೆಸರು ಮಾರಂಗಿಲ್ಲ. ಮಂದಿ ಇದನ್ನ ಕರೀಮಸಾಬನ ಬಂಡಿ ಅಂತಾರ. ಹಂಗ ಅನ್ನಾಕ ಬಿಡ್ರಿ, ಬ್ಯಾರೆ ಬಣ್ಣ ಬಳೀಬ್ಯಾಡ್ರಿ." ನಾನು ತಕ್ಷಣ ಒಪ್ಪಿದೆ. ಗಂಡನ ಹೆಸರನ್ನು ಹೀಗೆ ಕಾಯುವ ಹೆಂಗಸಿನ ಮುಂದೆ ಎರಡನೆಯ ಮಾತು ಆಡಲು ನನಗೆ ಮನಸ್ಸಾಗಲಿಲ್ಲ. ಗುಡಾರ ಹಸಿರೇ ಇರುತ್ತದೆ.

ಈ ಬಂಡಿಯೇ ಬೇಕೆಂದು ಹಟ ಹಿಡಿಯಲು ನನಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ಬರೆಯುವುದಿಲ್ಲ.

ದಾಕ್ಷಾಯಣಮ್ಮ

—

ಸಿರುಗುಪ್ಪ
ಮನ್ಮಥ ಸಂವತ್ಸರ, ಚೈತ್ರ ಶುದ್ಧ ಬಿದಿಗೆ

ತಮ್ಮಾ,

ಯುಗಾದಿಯಾಯಿತು. ಪ್ರತಿ ವರ್ಷ ಹಬ್ಬದ ಹಿಂದಿನ ದಿನವೇ ನಿನ್ನ ಕಾಗದ ಬರುತ್ತಿತ್ತು. ಈ ಸಲ ಟಪ್ಪಾಲಿನವನು ನಮ್ಮ ಬಾಗಿಲ ಮುಂದೆ ನಿಲ್ಲದೆ ಹೋದ. ಸಿಟ್ಟಾಗಿದ್ದೀಯ ಅಂತ ಗೊತ್ತು. ಸಿಟ್ಟಿರಲಿ, ಮೈ ಹುಷಾರಾಗಿದೆ ಎಂದು ಒಂದು ಸಾಲು ಬರೆ.

ಬಂಡಿ ಚೆನ್ನಾಗಿದೆ. ಮೊನ್ನೆ ಎಲ್ಲರೂ ತುಂಬಿಕೊಂಡು ಹಚ್ಚೊಳ್ಳಿಗೆ ಹೋಗಿ ಬಂದೆವು. ಬಂಡಿ ಕೇಳಲು ಯಾರ ಬಾಗಿಲಿಗೂ ಹೋಗಲಿಲ್ಲ. ಊರ ನಡುವೆ ಹಾದುಹೋಗುವಾಗ ನಾನು ಬೇಕೆಂದೇ ಗುಡಾರದಿಂದ ಹೊರಗೆ ಮುಖ ಹಾಕಿ ಕೂತಿದ್ದೆ. ನಿನಗೆ ಇದು ಕೇಳಿ ನಗು ಬಂದರೆ ಬರಲಿ.

ಅಕ್ಕ

—

ಬಳ್ಳಾರಿ
೧೨ ಏಪ್ರಿಲ್ ೧೮೯೫

ಚಿರಂಜೀವಿ ವಿರೂಪಮ್ಮನ ಮಾತೃಶ್ರೀಯವರಾದ ದಾಕ್ಷಾಯಣಮ್ಮನವರಿಗೆ,

ನಾನು ಆರೋಗ್ಯವಾಗಿದ್ದೇನೆ. ಕಚೇರಿಯಲ್ಲಿ ಕೆಲಸ ಹೆಚ್ಚಾಗಿ ಬರೆಯಲಾಗಲಿಲ್ಲ.

ತಾವು ಬೇಡವೆಂದ ಸಾರೋಟನ್ನು ಬೀಗರಾದ ಕೊಟ್ರಬಸಪ್ಪನವರು ಕೊಂಡಿರುತ್ತಾರೆ. ನನ್ನ ಮಾತಿನ ಮೇಲೆ ನಂಬಿಕೆಯಿಟ್ಟು ಕೊಂಡರು. ನೋಡಿದವರೆಲ್ಲ ಹೊಗಳುತ್ತಿದ್ದಾರೆ.

ತಮ್ಮ ಕಡೆಯವರು ವೈಶಾಖ ಶುದ್ಧ ಚೌತಿಯ ದಿನ ಅಲ್ಲಿಂದ ಹೊರಟು ಪಂಚಮಿಯ ದಿನ ಇಲ್ಲಿಗೆ ಬರುವುದು. ಬಂಡಿ ಕತ್ತಲಾದ ಮೇಲೆ ಊರೊಳಗೆ ಬಂದರೆ ಒಳ್ಳೆಯದು. ಹಿಂದಿನ ಓಣಿಯಿಂದ ನನ್ನ ಮನೆಯ ಹಿತ್ತಲಿಗೆ ಹೊಡೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮದುಮಗಳನ್ನು ಮಾತ್ರ ಊರ ಹೊರಗೇ ಸಾರೋಟಿಗೆ ಹತ್ತಿಸಿ, ದೀಪ ಹಚ್ಚಿಕೊಂಡು ಬೀಗರು ತಾವೇ ಕರೆತರುತ್ತಾರೆ.

ಇನ್ನೊಂದು ಮಾತು. ಆರತಿ ಎತ್ತುವವರಲ್ಲಿ, ಮುಂದೆ ನಿಲ್ಲುವವರಲ್ಲಿ ಯಾರು ಯಾರು ಇರುತ್ತಾರೆ ಎಂದು ಬೀಗರು ಕೇಳಿದರು. ಮುತ್ತೈದೆಯರೇ ಇರುತ್ತಾರೆ ಎಂದು ಹೇಳಿದ್ದೇನೆ. ಇದನ್ನು ತಾವು ಅನ್ಯಥಾ ಭಾವಿಸಬಾರದು.

ಇಂತು
ದೊಡ್ಡಬಸಪ್ಪ

—

ಸಿರುಗುಪ್ಪ
ಚೈತ್ರ ಬಹುಳ ಸಪ್ತಮಿ

ದೊಡ್ಡಬಸಪ್ಪನವರಿಗೆ,

ನನ್ನ ಒಡಹುಟ್ಟಿದವನು ನನ್ನನ್ನು ತಾವು ಎಂದು ಕರೆದದ್ದು ಇದೇ ಮೊದಲು. ನಾನೂ ಕಲಿಯುತ್ತೇನೆ.

ನನ್ನ ಮಗಳು ಕಳ್ಳರ ಹಾಗೆ ಕತ್ತಲಲ್ಲಿ ಹಿತ್ತಲಿಗೆ ಬರುವುದಿಲ್ಲ. ಹಾಡುಹಗಲೇ, ಸ್ಟೇಷನ್ನಿನ ಮುಂದಿನ ದೊಡ್ಡ ಬೀದಿಯಿಂದಲೇ ಬಂಡಿ ಬರುತ್ತದೆ. ಉಚ್ಚೆಂಗೆಪ್ಪನಿಗೆ ಹೇಳಿದ್ದೇನೆ. ಗುಡಾರದ ಚಾಪೆ ಹೊಸದು ಹಾಕಿಸಿದ್ದೇನೆ, ಗಾಲಿಗೆ ಕೀಲೆಣ್ಣೆ ಬಿಟ್ಟಿದ್ದೇನೆ, ಎತ್ತುಗಳ ಕೊರಳಿಗೆ ಗೆಜ್ಜೆ ಕಟ್ಟಿಸಿದ್ದೇನೆ. ಹಸಿರು ಬಣ್ಣ ಹಾಗೇ ಇದೆ. ನೋಡಿದವರು ಗುರುತು ಹಿಡಿಯಲಿ ಎಂದೇ ಇದೆ.

ನಾನು ಮದುವೆಗೆ ಬರುವುದಿಲ್ಲ. ಅತ್ತೆಯವರನ್ನು ಬಿಟ್ಟು ಬರುವ ಹಾಗಿಲ್ಲ. ಬೀಗರಿಗೂ ಹಾಗೆಯೇ ಹೇಳಿ. ದೊಡ್ಡ ಸೊಸೆ ಪಾರಮ್ಮ ನನ್ನ ಜಾಗದಲ್ಲಿ ನಿಂತು ಎಲ್ಲ ನೋಡಿಕೊಳ್ಳುತ್ತಾಳೆ. ಮುಂದೆ ನಿಲ್ಲುವವರ ಬಗ್ಗೆ ನಿಮಗೂ ಬೀಗರಿಗೂ ಇನ್ನು ಚಿಂತೆಯಿಲ್ಲ.

ಬಂಡಿಯನ್ನು ಕಳಿಸುತ್ತಿದ್ದೇನೆ. ಅದನ್ನು ನೋಡಿದರೆ ನನ್ನನ್ನು ನೋಡಿದ ಹಾಗೆ ಅಂದುಕೊಳ್ಳಿ.

ದಾಕ್ಷಾಯಣಮ್ಮ

—

ಕುರುಗೋಡು, ಚಾಂದಬೀಯವರ ಮನೆಯ ಜಗಲಿ
೩೦ ಏಪ್ರಿಲ್ ೧೮೯೫

ಅಕ್ಕಾ,

ಈ ಕಾಗದವನ್ನು ಟಪ್ಪಾಲಿಗೆ ಹಾಕುವುದಿಲ್ಲ. ಉಚ್ಚೆಂಗೆಪ್ಪ ನಿನ್ನ ಕೈಗೇ ಕೊಡುತ್ತಾನೆ. ಒಳಗೆ ಚಾಂದಬೀ ನಮಗೆ ರೊಟ್ಟಿ ಬಡಿಯುತ್ತಿದ್ದಾರೆ, ಹೊರಗೆ ಅವರ ಮೈದುನ ತನ್ನ ಜೋಡಿ ಎತ್ತುಗಳನ್ನು ನಮ್ಮ ನೊಗಕ್ಕೆ ಕಟ್ಟುತ್ತಿದ್ದಾನೆ. ಬರೆಯಲು ಇಷ್ಟೇ ಹೊತ್ತು ಸಿಕ್ಕಿದೆ. ಅಕ್ಷರ ಕೆಟ್ಟಿದ್ದರೆ ಮನ್ನಿಸು.

ನಿನ್ನೆ ಪಂಚಮಿ. ನಿಮ್ಮವರನ್ನು ಎದುರುಗೊಳ್ಳಲು ನಾನೂ ಕೊಟ್ರಬಸಪ್ಪನವರೂ ಸಾರೋಟಿನಲ್ಲಿ ಹೊರಟೆವು. ಅವರು ಜರಿ ಪೇಟ ಸುತ್ತಿದ್ದರು, ನಾನೂ ಸುತ್ತಿದ್ದೆ. ಕೊಂಡಾಗಿನಿಂದ ಸಾರೋಟನ್ನು ಅವರು ನೆರಳಲ್ಲೇ ಇಟ್ಟಿದ್ದರು. ನಿನ್ನೆ ಮಾತ್ರ ಊರಿನವರು ನೋಡಲೆಂದು ಬೆಳಗಿನಿಂದ ಬಾಗಿಲ ಮುಂದೆ ಬಿಸಿಲಲ್ಲಿ ನಿಲ್ಲಿಸಿದ್ದರು. ಊರು ದಾಟಿ ಎರೆ ನೆಲಕ್ಕೆ ಇಳಿದು ಇನ್ನೂ ಬಹಳ ದೂರ ಹೋಗಿರಲಿಲ್ಲ. ಹಿಂದಿನ ಗಾಲಿಯಿಂದ ಕಟಕಟ ಎಂದು ಸದ್ದು ಬಂತು. "ಏನ್ರೀ ಅದು ಸಪ್ಪಳ?" ಅಂದರು ಬೀಗರು. ಸ್ಪ್ರಿಂಗು ಹಾಗೆಯೇ ಅನ್ನುತ್ತದೆ ಎಂದೆ. ಅಷ್ಟರಲ್ಲಿ ಕಬ್ಬಿಣದ ಪಟ್ಟಿ ಕಳಚಿ ಗಾಲಿಗಿಂತ ಮುಂದೆ ಉರುಳಿಕೊಂಡು ಹೊಲದೊಳಗೆ ಹೋಯಿತು. ಗಾಲಿಯ ಅರೆಕಡ್ಡಿಗಳು ಒಂದೊಂದೇ ಬಿದ್ದವು. ಸಾರೋಟು ಒಂದು ಕಡೆ ವಾಲಿ ಕೂತಿತು. ಗಾಜಿನ ದೀಪ ಒಡೆದು ಬೀಗರ ತೊಡೆಯ ಮೇಲೆ ಬಿತ್ತು, ಪುಣ್ಯಕ್ಕೆ ಗಾಯವಾಗಲಿಲ್ಲ.

ಒಂದು ಜಾಲಿ ಗಿಡವೂ ಇಲ್ಲದ ಬಯಲಲ್ಲಿ ಇಬ್ಬರೂ ನಿಂತೆವು. ಅವರು ನನ್ನ ಮುಖ ನೋಡಲಿಲ್ಲ, ನಾನು ಅವರ ಮುಖ ನೋಡಲಿಲ್ಲ. ಗಂಟಲು ಒಣಗಿ ಅವರು ನೆಲದ ಮೇಲೆ ಕೂತುಬಿಟ್ಟರು. ಆಗ ಗೆಜ್ಜೆಯ ಸದ್ದು ಕೇಳಿಸಿತು.

ಅಕ್ಕಾ, ಅದು ಬಂದ ರೀತಿಯನ್ನು ನೀನು ನೋಡಬೇಕಿತ್ತು. ಹೊಳಪಿಲ್ಲ, ದೀಪವಿಲ್ಲ, ಅವಸರವೂ ಇಲ್ಲ. ಹನ್ನೆರಡು ಮಂದಿಯನ್ನು ಹೊತ್ತು, ಆ ಬಿರುಕು ನೆಲದಲ್ಲಿ ಒಂದು ಕಡೆಯೂ ಓಲಾಡದೆ ಬಂತು. ಉಚ್ಚೆಂಗೆಪ್ಪ ಎತ್ತುಗಳನ್ನು ನಿಲ್ಲಿಸಿ, "ಹತ್ರಿ ಸಾವುಕಾರ್ರ, ಜಾಗ ಐತಿ" ಅಂದ. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಾರಮ್ಮ ಅವರಿಗೆ ಕುಡಿಯಲು ನೀರು ಕೊಟ್ಟಳು. ಸಾರೋಟನ್ನು ಅಲ್ಲೇ ಬಿಟ್ಟು, ಅದರ ಎತ್ತುಗಳನ್ನು ಬಂಡಿಯ ಹಿಂದೆ ಕಟ್ಟಿಕೊಂಡೆವು. ಹೀಗೆ ಗಂಡಿನ ತಂದೆ ಹೆಣ್ಣಿನ ಮನೆಯ ಬಂಡಿಯಲ್ಲಿ ತಮ್ಮ ಊರಿಗೆ ಬಂದರು. ದೊಡ್ಡ ಬೀದಿಯಿಂದಲೇ ಬಂದೆವು. ಸ್ಟೇಷನ್ನಿನ ಹಮಾಲಿಗಳು ಎದ್ದು ನಿಂತು "ಕರೀಮಸಾಬನ ಬಂಡಿ ಬಂತಲೇ, ನೋಡ್ರೋ" ಎಂದು ಒಬ್ಬರಿಗೊಬ್ಬರು ತೋರಿಸಿದರು. ಹೂವು ಮಾರುವಾಕೆ ಒಂದು ಮಾರು ಮಲ್ಲಿಗೆ ತಂದು ಎತ್ತಿನ ಕೋಡಿಗೆ ಸುತ್ತಿದಳು, ದುಡ್ಡು ಬೇಡ ಅಂದಳು. ಬಾಡಿಗೆ ಬಂಡಿ ಎಂದು ಒಬ್ಬರೂ ಹಳಿಯಲಿಲ್ಲ. ನಾನು ತಲೆ ತಗ್ಗಿಸಿಕೊಂಡು ಕೂತವನು ಯಾವಾಗ ತಲೆಯೆತ್ತಿದೆನೋ ನನಗೇ ಗೊತ್ತಾಗಲಿಲ್ಲ.

ಬೀಗತಿ ಚನ್ನವೀರಮ್ಮ ಆರತಿ ಹಿಡಿದು ಬಾಗಿಲಿಗೆ ಬಂದರು. ಮದುಮಗಳಿಗಿಂತ ಮೊದಲು ಬಂಡಿಯನ್ನು ನೋಡಿದರು. ಅವರ ತವರು ತೆಕ್ಕಲಕೋಟೆ. ಪ್ರತಿ ವರ್ಷ ನಾಗರ ಪಂಚಮಿ ಹಬ್ಬಕ್ಕೆ ಅವರನ್ನು ತವರಿಗೆ ಕರೆದೊಯ್ಯುತ್ತಿದ್ದದ್ದು ಇದೇ ಬಂಡಿಯಂತೆ. "ನಮ್ಮಪ್ಪ ಕರೀಮಸಾಬನ ಬಂಡಿ ಇದ್ರಷ್ಟ ನನ್ನ ಕಳಸ್ತಿದ್ದ. ಬ್ಯಾರೆದ್ರಾಗ ಕಳಸ್ತಿದ್ದಿಲ್ಲ. ಇದನ್ನ ನಿಮ್ಮವ್ವ ಕೊಂಡಾಳಾ?" ಎಂದು ವಿರೂಪಿಯನ್ನು ಕೇಳಿದರು. ಆಗ ಪಾರಮ್ಮ, ನೀನು ನನಗೆ ಬರೆಯದೆ ಬಿಟ್ಟ ಆ ಇನ್ನೊಂದು ಕಾರಣವನ್ನು ಎಲ್ಲರೆದುರು ಹೇಳಿದಳು.

ಮೂರು ವರ್ಷದ ಕೆಳಗೆ ಅವಳಿಗೆ ಹೆರಿಗೆ ಕಷ್ಟವಾಗಿ ಬಳ್ಳಾರಿಯ ಆಸ್ಪತ್ರೆಗೆ ತರುವಾಗ, ದಾರಿಯಲ್ಲಿ ಗಾಲಿ ಮುರಿದು ಎಲ್ಲರೂ ಕೈಚೆಲ್ಲಿ ಕೂತಿದ್ದಿರಂತೆ. ಬಾಡಿಗೆ ತುಂಬಿಕೊಂಡು ಬರುತ್ತಿದ್ದ ಕರೀಮಸಾಬ ಮಂದಿಯನ್ನು ಇಳಿಸಿ ಅವಳನ್ನು ಮಲಗಿಸಿಕೊಂಡನಂತೆ. ನೀನು ಚಕ್ರದ ಪಕ್ಕದಲ್ಲೇ ನಡೆದು ಬಂದೆಯಂತೆ. ಕೂಸು ಉಳಿಯಿತು, ಅವಳೂ ಉಳಿದಳು. ಮುರಿದದ್ದು ಯಾವ ಬಂಡಿ ಎಂದು ಚನ್ನವೀರಮ್ಮ ಕೇಳಿದರು. ಪಾರಮ್ಮ ನನ್ನ ಕಡೆ ನೋಡಿದಳು.

ಅದು ಆ ಹೆರಿಗೆಗೆಂದು ನಾನು ಬಳ್ಳಾರಿಯಲ್ಲಿ ಆರಿಸಿ, ಎರವಲು ಪಡೆದು ಕಳಿಸಿದ್ದ ಹೊಸ ಬಂಡಿ. ಆಗ ನೀನು "ಬಂಡಿ ಕಳಿಸಿದ್ದಕ್ಕೆ ಉಪಕಾರವಾಯಿತು, ತಾಯಿ ಮಗು ಕ್ಷೇಮ" ಎಂದು ಬರೆದೆ. ಆ ಕಾಗದವನ್ನು ನಾನು ಕಚೇರಿಯಲ್ಲಿ ನಾಲ್ಕು ಜನಕ್ಕೆ ತೋರಿಸಿ ಮೆರೆದೆ. ನನಗೆ ನೋವಾಗಬಾರದೆಂದು ನೀನು ಮೂರು ವರ್ಷ ಬಾಯಿ ಕಟ್ಟಿಕೊಂಡಿದ್ದೆ, ನಿನ್ನನ್ನು ಕೈ ಬಿಗಿಯವಳು ಎಂದು ನಾನು ಅಂದಾಗಲೂ ಹೇಳಲಿಲ್ಲ. ಇದಕ್ಕೆ ನಿನ್ನೊಂದಿಗೆ ಜಗಳವಾಡಬೇಕು ನಾನು. ಸಿಕ್ಕಾಗ ಆಡುತ್ತೇನೆ.

ಆಮೇಲೆ ಚನ್ನವೀರಮ್ಮ, "ಮತ್ತ ನಿಮ್ಮವ್ವ ಎಲ್ಲೆದಾಳ?" ಅಂದರು. ಅತ್ತೆಯವರ ಕಾಯಿಲೆಯ ಮಾತು ತೆಗೆದೆ. ವಿರೂಪಿ ನನ್ನ ಮಾತನ್ನು ಅಲ್ಲೇ ಕಡಿದಳು. "ಅಜ್ಜಿ ನೆವಾರೀ. ಮುಂದ ಮುತ್ತೈದೇರಷ್ಟ ನಿಂದರಬೇಕಂತ ನಮ್ಮ ಸೋದರಮಾವ ಕಾಗದದಾಗ ಬರದಿದ್ದ. ಅದಕ್ಕ ಬಂದಿಲ್ಲ ಅವ್ವ." ಮದುಮಗಳು ಹಾಗೆ ಮಾತಾಡಬಾರದೆಂದು ಗದರಿಸುವ ಧೈರ್ಯ ನನಗೆ ಬರಲಿಲ್ಲ. ನಿನ್ನ ಮಗಳಲ್ಲವೇ.

ಚನ್ನವೀರಮ್ಮ ಗಂಡನ ಕಡೆ ತಿರುಗಿದರು. ಅವರ ಜರಿ ಪೇಟದಲ್ಲಿ ಇನ್ನೂ ದೀಪದ ಗಾಜಿನ ಪುಡಿ ಇತ್ತು. "ಆಕಿ ಬಂಡ್ಯಾಗ ಕುಂತು ಮನಿಗೆ ಬಂದೀರಿ. ಆಕಿ ಮುಂದ ನಿಂತ್ರ ನಿಮಗೇನು ಕಡಿಮಿ ಆಕ್ಕೈತಿ ಹೇಳ್ರಿ." ಕೊಟ್ರಬಸಪ್ಪನವರು ಪೇಟ ತೆಗೆದು ಗಾಜಿನ ಪುಡಿ ಕೊಡವಿದರು. ಆಮೇಲೆ ನನಗೆ, "ಮದುವಿ ದಶಮಿಗೆ ಐತಿ. ಹೋಗಿ ಬರಾಕ ಆಕ್ಕೈತೇನು?" ಎಂದು ಕೇಳಿದರು. "ಈ ಬಂಡಿಯಾದರೆ ಆಗುತ್ತದೆ" ಎಂದೆ. ಅಕ್ಕಾ, ಆ ಮಾತು ಹೇಳುವಾಗ ನನಗೆ ಬಂದ ಹೆಮ್ಮೆ ಸಾರೋಟು ಹತ್ತಿದಾಗ ಬಂದಿರಲಿಲ್ಲ.

ನೀನು ಅತ್ತೆಯವರ ನೆಪ ಹೇಳುವ ಹಾಗಿಲ್ಲ. ಅವರನ್ನು ಹಾಸಿಗೆ ಸಮೇತ ಮಲಗಿಸಿ ತರುವಷ್ಟು ಜಾಗ ಇದರಲ್ಲಿದೆ ಎಂದು ಪಾರಮ್ಮ ಹೇಳಿ ಕಳಿಸಿದ್ದಾಳೆ, ತಾನೇ ಮಲಗಿ ಬಂದವಳು. ಮೆತ್ತಗೆ ಹುಲ್ಲು ಹಾಸಿದ್ದೇನೆ. ದಾರಿಯುದ್ದಕ್ಕೂ ನನ್ನನ್ನು ಬೈಯುವುದಾದರೆ ಬೈಯಲಿ, ಕೇಳಿಕೊಂಡು ಬರುತ್ತೇನೆ.

ಉಚ್ಚೆಂಗೆಪ್ಪ ಒಳಗೆ ಬಂದು ಇದನ್ನು ಕೊಡುವಾಗ ನಾನು ಹೊರಗೆ ಬಂಡಿಯಲ್ಲೇ ಕೂತಿರುತ್ತೇನೆ. ಎದುರಿಗೆ ನಿಂತು ಕೇಳಿದರೆ ನೀನು ನಗುತ್ತಾ ಆಗುವುದಿಲ್ಲ ಅಂದುಬಿಡುತ್ತೀಯ, ನಿನ್ನನ್ನು ನಾನು ಬಲ್ಲೆ. ಮುಂದೆ ಯಾರು ನಿಲ್ಲಬೇಕು ಎಂದು ಬರೆದ ಕೈ ಇದು. ಅದೇ ಕೈಯಿಂದ ಬರೆಯುತ್ತಿದ್ದೇನೆ: ಮಗಳ ಮದುವೆಯಲ್ಲಿ ನೀನು ಮುಂದೆ ನಿಲ್ಲಬೇಕು. ನೀನು ಹತ್ತುವವರೆಗೆ ನಾನು ಇಳಿಯುವುದಿಲ್ಲ.

ನಿನ್ನ ತಮ್ಮ
ದೊಡ್ಡಬಸ್ಯಾ

—

ಸಿರುಗುಪ್ಪ, ಒಳಮನೆಯಿಂದ
ವೈಶಾಖ ಶುದ್ಧ ಸಪ್ತಮಿ

ದೊಡ್ಡಬಸ್ಯಾ,

ಇಳಿದು ಬಂದು ಅತ್ತೆಯವರ ಹಾಸಿಗೆಯ ಆ ಕಡೆ ಹಿಡಿ. ಉಚ್ಚೆಂಗೆಪ್ಪನೊಬ್ಬನ ಕೈಲಿ ಆಗುವುದಿಲ್ಲ. ಅವರು ಆಗಲೇ ಹೊಸ ಸೀರೆ ಕೇಳಿ ಉಡಿಸಿಕೊಂಡಿದ್ದಾರೆ.

ನಾನೂ ಸೀರೆ ಬದಲಿಸುತ್ತಿದ್ದೇನೆ. ನೀನು ಹಿಂದೆ ಕೂರು. ಮುಂದಿನ ಜಾಗ ನನಗೆ.

ಅಕ್ಕ